ರೋಸ್ ಬೌಲ್‌ಗೆ ಹೋಗುವವರು ಹೋಟೆಲಿನವರ ಬಸ್ಸು ಹತ್ತಬೇಡಿ

ಲಾಸ್ ಏಂಜಲೀಸ್ ಪಕ್ಕದ ಪ್ಯಾಸಡೀನಾದಲ್ಲಿ ಹೊಸ ವರ್ಷಕ್ಕೆ ನಡೆಯುವ ರೋಸ್ ಬೌಲ್, ಅಂದರೆ ಕಾಲೇಜು ತಂಡಗಳ ಅಮೆರಿಕನ್ ಫುಟ್‌ಬಾಲ್ ಆಟಕ್ಕೆ ಹೋಗುವ ಯೋಚನೆ ಇದ್ದವರಿಗೆ ಮೊದಲ ಮಾತು ಇದು. ಜನವರಿ 1ರಂದು ಲಾಸ್ ಏಂಜಲೀಸ್‌ನ ಮೆಟ್ರೊ ರೈಲು ಓಡುತ್ತದೆ. ಚೆನ್ನಾಗಿಯೇ ಓಡುತ್ತದೆ. "ಹೊಸ ವರ್ಷದ ರಜೆ, ರೈಲು ಇಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾವು ಉಳಿದುಕೊಂಡ ಹೋಟೆಲಿನ ಕೌಂಟರಿನಲ್ಲಿ ಹಾಗೆ ಹೇಳಿಯೇ ನಮಗೆ ಬಸ್ಸಿನ ಕೂಪನ್ ಮಾರಿದರು. ತಲೆಗೆ 65 ಡಾಲರ್. ದುಡ್ಡು ಹೋಗಿದ್ದಕ್ಕಿಂತ ಆಟದ ಶುರು ತಪ್ಪಿಹೋಗಿದ್ದು ನನಗೆ ಇನ್ನೂ ಹೊಟ್ಟೆ ಉರಿಸುತ್ತದೆ.

ನಾವು ನೋಡಿದ್ದು 2024ರ ಜನವರಿ 1ರ ಆಟ. ಮಿಶಿಗನ್ ಮತ್ತು ಅಲಬಾಮ. ದೇಶದ ಒಂದನೇ ರ‍್ಯಾಂಕಿನ ತಂಡಕ್ಕೆ ನಾಲ್ಕನೇ ರ‍್ಯಾಂಕಿನ ತಂಡ ಎದುರು. ಗೆದ್ದವರು ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಫೈನಲ್‌ಗೆ ಹೋಗುವುದಿತ್ತು. ನಾವಿರುವುದು ಡೆಟ್ರಾಯಿಟ್ ಹತ್ತಿರದ ನೊವಾಯ್‌ನಲ್ಲಿ. ಮಗಳು ಆ್ಯನ್ ಆರ್ಬರ್‌ನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. ಹಾಗಾಗಿ ನಮ್ಮ ಮನೆಯಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಶನಿವಾರ ಎಂದರೆ ಟಿವಿ ಮುಂದೆ ಎಲ್ಲರೂ ಹಾಜರು. ನಮ್ಮನೆಯವರು ಮೊದಲು ಕ್ರಿಕೆಟ್ ಬಿಟ್ಟರೆ ಬೇರೆ ಆಟ ನೋಡುತ್ತಿರಲಿಲ್ಲ. ಈಗ ಮಗಳಿಗಿಂತ ಜಾಸ್ತಿ ಕೂಗುವವರು ಅವರೇ.

ಊರಿಂದ ಅಪ್ಪ-ಅಮ್ಮ ಬಂದಿದ್ದು ಅವರನ್ನೂ ಕರೆದುಕೊಂಡು ಹೋಗುವವರು ಇಷ್ಟು ಹೇಳಿಕೊಡಿ, ಸಾಕು. ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹತ್ತು ಗಜ ದಾಟಿದರೆ ಮತ್ತೆ ನಾಲ್ಕು. ದಾಟದಿದ್ದರೆ ಚೆಂಡು ಎದುರಾಳಿಗೆ. ಇಷ್ಟು ಗೊತ್ತಿದ್ದರೆ ನಾಲ್ಕನೇ ಅವಕಾಶ ಬಂದಾಗ ಇಡೀ ಸ್ಟೇಡಿಯಂ ಯಾಕೆ ಎದ್ದು ನಿಲ್ಲುತ್ತದೆ ಎಂದು ಅರ್ಥವಾಗುತ್ತದೆ. ಉಳಿದದ್ದು ಅಕ್ಕಪಕ್ಕದವರೇ ಹೇಳಿಕೊಡುತ್ತಾರೆ. ಅಲ್ಲಿ ಜನ ಮಾತಿಗೆ ಕಾಯುತ್ತಿರುತ್ತಾರೆ.

ರೂಮಿನ ವಿಷಯ ಬೇಗ ಮುಗಿಸುತ್ತೇನೆ. ಆಟದ ದಿನ, ಜಾಗ ಎರಡೂ ಮೊದಲೇ ಗೊತ್ತು. ಪ್ರತಿ ವರ್ಷ ಜನವರಿ 1, ಅದು ಭಾನುವಾರ ಬಿದ್ದರೆ ಮಾತ್ರ ಮರುದಿನ. ಗೊತ್ತಿಲ್ಲದಿರುವುದು ಯಾವ ತಂಡ ಎಂಬುದು. ನಮ್ಮ ವರ್ಷ ತಂಡಗಳ ಹೆಸರು ಡಿಸೆಂಬರ್ 3ಕ್ಕೆ ಹೊರಬಿತ್ತು. ಅದೇ ಸಂಜೆ ಪ್ಯಾಸಡೀನಾದಲ್ಲಿ ರೂಮಿನ ಬೆಲೆ ಕೈಗೆ ಸಿಗದ ಹಾಗೆ ಏರಿತು. ಈಗ ಇನ್ನೂ ಕಷ್ಟ. 2024ರ ಸೀಸನ್‌ನಿಂದ ಪ್ಲೇಆಫ್‌ನಲ್ಲಿ, ಅಂದರೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಸುತ್ತುಗಳಲ್ಲಿ, ಹನ್ನೆರಡು ತಂಡ. ರೋಸ್ ಬೌಲ್ ಕ್ವಾರ್ಟರ್‌ಫೈನಲ್ ಆದ ಮೊದಲ ಸಲ, 2025ರ ಜನವರಿಯಲ್ಲಿ, ಆರೆಗನ್ ಎದುರು ಆಡುವುದು ಒಹಾಯೊ ಸ್ಟೇಟ್ ಎಂದು ಖಚಿತವಾದದ್ದು ಡಿಸೆಂಬರ್ 21ರ ರಾತ್ರಿ. ಆಟಕ್ಕೆ ಉಳಿದದ್ದು ಹನ್ನೊಂದು ದಿನ. ಆದ್ದರಿಂದ ನಿಮ್ಮ ತಂಡ ಈ ಸಲ ಚೆನ್ನಾಗಿ ಆಡಬಹುದು ಅನ್ನಿಸಿದರೆ ಬೇಸಿಗೆ ಮುಗಿಯುವುದರೊಳಗೆ, ರದ್ದು ಮಾಡಬಹುದಾದ ರೂಮನ್ನು ಕಾದಿರಿಸಿ. ತಂಡ ಸೋತರೆ ರದ್ದು ಮಾಡಿ. ಇನ್ನೊಂದು, ರೂಮು ಪ್ಯಾಸಡೀನಾದಲ್ಲೇ ಬೇಕೆಂದಿಲ್ಲ. ಮೆಟ್ರೊ ಎ ಲೈನ್ ಹೋಗುವ ಯಾವ ಊರಾದರೂ ಸರಿ. ಪೂರ್ವಕ್ಕೆ ಆರ್ಕೇಡಿಯ, ಮನ್ರೋವಿಯ, ಅಜೂಸ ಇವೆ. ಪಶ್ಚಿಮಕ್ಕೆ ಲಾಸ್ ಏಂಜಲೀಸ್‌ನ ಯೂನಿಯನ್ ಸ್ಟೇಷನ್ ಸುತ್ತಮುತ್ತ ಇದೆ. ಸ್ಟೇಷನ್‌ಗೆ ನಡೆದು ಹೋಗುವಷ್ಟು ಹತ್ತಿರ ಇದೆಯಾ ಅಂತ ಮಾತ್ರ ನೋಡಿ.

ನಮ್ಮ ಹೋಟೆಲ್ ಇದ್ದದ್ದೂ ಅಂಥ ಜಾಗದಲ್ಲೇ, 210 ಹೆದ್ದಾರಿಯ ಪಕ್ಕ. ಸ್ಟೇಷನ್ನು ನಡೆದರೆ ಹದಿನೈದು ನಿಮಿಷ. ಡಿಸೆಂಬರ್ 31ರ ಸಂಜೆ ಕೌಂಟರಿನಲ್ಲಿ ರೈಲಿನ ವೇಳೆ ಕೇಳಿದೆವು. ಅಲ್ಲಿದ್ದ ಹುಡುಗ ತಲೆ ಎತ್ತದೆ ಹೇಳಿದ: "ನಾಳೆ ರೈಲು ಇಲ್ಲ. ನಮ್ಮದೇ ಬಸ್ಸಿದೆ. ಬೆಳಗ್ಗೆ ಪರೇಡ್, ಮಧ್ಯಾಹ್ನ ಸ್ಟೇಡಿಯಂ, ರಾತ್ರಿ ವಾಪಸ್. ಇನ್ನು ಸ್ವಲ್ಪ ಸೀಟಷ್ಟೇ ಉಳಿದಿವೆ." ಲಾಬಿಯಲ್ಲಿ ನಿಂತಿದ್ದ ಅಲಬಾಮದ ಒಂದು ಕುಟುಂಬವೂ ಆಗಲೇ ಕೂಪನ್ ತೆಗೆದುಕೊಂಡಿತ್ತು.

ಬೆಳಗಿನ ಭಾಗ ಸರಿಯಾಗಿಯೇ ನಡೆಯಿತು. ಕತ್ತಲಿರುವಾಗಲೇ ಹೊರಟ ಬಸ್ಸು ಕೊಲರಾಡೊ ಬುಲೆವಾರ್ಡಿನ ಪೂರ್ವದ ತುದಿಯಲ್ಲಿ ಇಳಿಸಿತು. ರೋಸ್ ಪರೇಡ್ ಎಂಬ ಹೂವಿನ ರಥಗಳ ಮೆರವಣಿಗೆ ಶುರುವಾಗುವುದು ಎಂಟು ಗಂಟೆಗೆ, ಐದೂವರೆ ಮೈಲಿಯ ದಾರಿ. ಬೆಳಗ್ಗೆ ಹೊರಟ ಮೆರವಣಿಗೆ ಪೂರ್ವದ ತುದಿಗೆ ಬರಲು ತುಂಬಾ ಹೊತ್ತು ಬೇಕು. ಆದ್ದರಿಂದ ಆ ಕಡೆ ಹೋದರೆ ಅಷ್ಟು ಬೇಗ ಏಳಬೇಕಾಗಿಲ್ಲ. ಗ್ಯಾಲರಿಯ ಸೀಟಿಗೆ ದುಡ್ಡು ಕೊಡಬೇಡಿ. ಫುಟ್‌ಪಾತ್ ಉಚಿತ. ಹಿಂದಿನ ದಿನ ಮಧ್ಯಾಹ್ನದಿಂದಲೇ ಜನ ಮಡಚುವ ಕುರ್ಚಿ, ಕಂಬಳಿ ತಂದು ಜಾಗ ಹಿಡಿಯುತ್ತಾರೆ. ರಾತ್ರಿ ಹನ್ನೊಂದಾದ ಮೇಲೆ ರಸ್ತೆಯ ಮೇಲೆ ಬಳಿದ ನೀಲಿ ಗೆರೆಯವರೆಗೆ ಮುಂದೆ ಬರಬಹುದು. ರಾತ್ರಿಯಿಡೀ ಅಲ್ಲೇ ಮಲಗುವವರು ಸಾವಿರಾರು ಜನ. ನನಗೆ ಜನಜಂಗುಳಿ ಕಷ್ಟವೇ ಅಲ್ಲ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಓಡಾಡಿ ಬೆಳೆದವಳು. ಬೆಳಗ್ಗೆ ಬಂದರೂ ಎರಡನೇ ಸಾಲಿನಲ್ಲಿ ನಿಂತು ಎಲ್ಲಾ ನೋಡಿದೆ. ರಥಗಳ ಮೇಲೆ ಕಾಣುವ ಭಾಗವೆಲ್ಲ ಹೂವು, ಎಲೆ, ಬೀಜ, ತೊಗಟೆಯಿಂದಲೇ ಮುಚ್ಚಿರಬೇಕು ಎಂಬ ನಿಯಮ ಇದೆ. ಹತ್ತಿರದಿಂದ ನೋಡಿದರೆ ಬಣ್ಣ ಅಂದುಕೊಂಡದ್ದು ಬೇಳೆಕಾಳು ಆಗಿರುತ್ತದೆ. ಎರಡೂ ವಿಶ್ವವಿದ್ಯಾಲಯಗಳ ಬ್ಯಾಂಡ್‌ಗಳು ನಡೆದುಕೊಂಡು ಬಂದಾಗ ನಮ್ಮ ಸುತ್ತಲಿದ್ದವರ ಕೂಗಿಗೆ ಕಿವಿ ಗುಂಯ್ ಅಂದಿತು. ತುಂಬಾ ಹೊತ್ತು ನಿಲ್ಲಲು ಆಗದವರು, ಮೊಣಕಾಲು ನೋವಿನವರು ಇದ್ದರೆ ಮಾತ್ರ ಸೀಟಿನ ಟಿಕೆಟ್ ತೆಗೆದುಕೊಳ್ಳಿ.

ಕೆಟ್ಟದ್ದೆಲ್ಲ ಆಮೇಲೆ ಶುರು. ಹನ್ನೊಂದಕ್ಕೆ ಬರಬೇಕಿದ್ದ ಬಸ್ಸು ಬಂದದ್ದು ಒಂದಕ್ಕೆ ಇಪ್ಪತ್ತು ನಿಮಿಷ ಇರುವಾಗ. ಕೂಪನ್ನಿನಲ್ಲಿದ್ದ ನಂಬರಿಗೆ ಯಾರೂ ಫೋನ್ ಎತ್ತಲಿಲ್ಲ. ಸ್ಟೇಡಿಯಂ ಪಕ್ಕದ ಗಾಲ್ಫ್ ಮೈದಾನದಲ್ಲಿ ಮಿಶಿಗನ್ ಕಡೆಯವರ ಟೇಲ್‌ಗೇಟ್ ಊಟಕ್ಕೆ, ಅಂದರೆ ಆಟಕ್ಕೆ ಮುಂಚೆ ಕಾರುಗಳ ಪಕ್ಕ ಸೇರಿ ಮಾಡುವ ಊಟಕ್ಕೆ, ನಮ್ಮನ್ನು ಕರೆದಿದ್ದರು. ಅವರಿಗೆಂದು ಕಟ್ಟಿಕೊಂಡು ಬಂದಿದ್ದ ಪುಳಿಯೋಗರೆಯನ್ನು ರಸ್ತೆ ಬದಿಯ ಕಟ್ಟೆ ಮೇಲೆ ಕೂತು ನಾವೂ ಆ ಅಲಬಾಮ ಕುಟುಂಬವೂ ತಿಂದು ಮುಗಿಸಿದೆವು. ಬಸ್ಸು ಹತ್ತಿದ ಮೇಲೂ ಸುಖವಿಲ್ಲ. ಪರೇಡಿಗಾಗಿ ಮುಚ್ಚಿದ್ದ ಕೊಲರಾಡೊ ಬುಲೆವಾರ್ಡ್ ಮಧ್ಯಾಹ್ನದವರೆಗೂ ತೆರೆಯುವುದಿಲ್ಲ. ಊರಿನ ಎಲ್ಲಾ ಕಾರುಗಳೂ ಉಳಿದ ರಸ್ತೆಗಳಿಗೇ ನುಗ್ಗುತ್ತವೆ. ಹೆದ್ದಾರಿಯಿಂದ ಇಳಿಯುವ ದಾರಿಯಲ್ಲಿ ನಿಂತ ಬಸ್ಸು ಅಲ್ಲಾಡಲಿಲ್ಲ. ನಡೆಯುವುದು, ನಿಲ್ಲುವುದು, ತಳ್ಳಾಟ ಏನಾದರೂ ತಡೆಯುತ್ತೇನೆ. ನಿಂತ ವಾಹನದೊಳಗೆ ಕಿಟಕಿ ಮುಚ್ಚಿಕೊಂಡು ಕೂರುವುದು ನನ್ನಿಂದ ಆಗುವುದಿಲ್ಲ. ಕೊನೆಗೆ ಚಾಲಕ ಬಾಗಿಲು ತೆರೆದು "ಇಲ್ಲಿಂದ ನಡೆಯಿರಿ, ರಾತ್ರಿ ಇಲ್ಲೇ ನಿಂತಿರುತ್ತೇನೆ" ಎಂದ. ಅಲ್ಲಿಂದ ಸ್ಟೇಡಿಯಂಗೆ ಎರಡು ಮೈಲಿ ಇತ್ತು.

ನಾವು ಗೇಟಿನ ಸಾಲಿನಲ್ಲಿ ನಿಂತಾಗ ಒಳಗಿನಿಂದ ಒಂದು ದೊಡ್ಡ ಕೂಗು ಬಂತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಮಿಶಿಗನ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಜೆ.ಜೆ. ಮೆಕಾರ್ಥಿ ಎಸೆದ ಮೊದಲ ಚೆಂಡನ್ನೇ ಅಲಬಾಮದವನು ಹಿಡಿದಿದ್ದ. ಮರುಪರಿಶೀಲನೆಯಲ್ಲಿ ಅವನ ಕಾಲು ಗೆರೆಯಾಚೆ ಇತ್ತೆಂದು ಅದು ರದ್ದಾಯಿತು. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ. ಸೀಟಿಗೆ ಹೋಗಿ ಕೂತಾಗ ಬೋರ್ಡಿನಲ್ಲಿ ಅಲಬಾಮ 7, ಮಿಶಿಗನ್ 0. ಫೋನಿನಲ್ಲಿ ಮಗಳ ಮೆಸೇಜು ಕಾದಿತ್ತು: "ಅಮ್ಮ, ಎಲ್ಲಿದ್ದೀರಾ? ನಾನು ಟ್ರೇನಲ್ಲಿ ಬಂದು ಹನ್ನೊಂದಕ್ಕೇ ಒಳಗೆ ಇದ್ದೆ." ಅವಳು ಗೆಳತಿಯರ ಜೊತೆ ಲಾಸ್ ಏಂಜಲೀಸ್ ಪೇಟೆಯಲ್ಲಿ ಉಳಿದಿದ್ದಳು. ಅವಳಿಗೆ ಆದ ಖರ್ಚು ಒಂದು ಡಾಲರ್ ಎಪ್ಪತ್ತೈದು ಸೆಂಟ್.

ಆಟದ ಬಗ್ಗೆ ನಾನು ಬರೆಯಲು ಶುರು ಮಾಡಿದರೆ ನಿಲ್ಲುವುದಿಲ್ಲ, ಆದರೂ ಸ್ವಲ್ಪ ಹೇಳಲೇಬೇಕು. ಅರ್ಧ ಆಟಕ್ಕೆ ನಾವು 13–10 ಮುಂದಿದ್ದೆವು. ಮೂರನೇ ಕ್ವಾರ್ಟರಿನಲ್ಲಿ ಯಾರಿಗೂ ಅಂಕವಿಲ್ಲ. ನಾಲ್ಕನೆಯದರಲ್ಲಿ ಅಲಬಾಮ ಮುಂದಕ್ಕೆ ಹೋಗಿ 20–13 ಮಾಡಿತು. ಐದು ನಿಮಿಷದೊಳಗೆ ಉಳಿದಿದ್ದ ಆಟದಲ್ಲಿ ಮಿಶಿಗನ್ 75 ಗಜ ಹೋಗಬೇಕಿತ್ತು. ನಡುವೆ ನಾಲ್ಕನೇ ಅವಕಾಶ ಬಂತು, ಎರಡು ಗಜ ಬೇಕು. ತಪ್ಪಿದರೆ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತಿತ್ತು. ಮೆಕಾರ್ಥಿ ಚೆಂಡನ್ನು ಬ್ಲೇಕ್ ಕೋರಮ್‌ಗೆ ಎಸೆದ. ಅವನು 27 ಗಜ ಓಡಿದ. ಆಟ ಮುಗಿಯಲು ಒಂದು ನಿಮಿಷ 34 ಸೆಕೆಂಡ್ ಇರುವಾಗ ರೋಮನ್ ವಿಲ್ಸನ್ ಕೊನೆಯ ಗೆರೆಯಾಚೆ ಚೆಂಡು ಹಿಡಿದು ಟಚ್‌ಡೌನ್ ಮಾಡಿದ, 20–20 ಸಮವಾಯಿತು. ಓವರ್‌ಟೈಮ್‌ನಲ್ಲಿ ಎರಡೇ ಓಟದಲ್ಲಿ ಕೋರಮ್ ಕೊನೆಯ ಗೆರೆಗೆ ಇದ್ದ 25 ಗಜ ಮುಗಿಸಿದ. ಆಮೇಲೆ ಅಲಬಾಮದ ಸರದಿ. ಕೊನೆಗೆ ಮೂರು ಗಜ, ಒಂದೇ ಅವಕಾಶ. ಅವರ ಕ್ವಾರ್ಟರ್‌ಬ್ಯಾಕ್ ಜೇಲನ್ ಮಿಲ್ರೋ ಚೆಂಡು ಹಿಡಿದು ನೇರ ನುಗ್ಗಿದ. ನಮ್ಮವರು ಅವನನ್ನು ಅಲ್ಲೇ ಕೆಡವಿದರು. 27–20. ನಮ್ಮನೆಯವರು ಅಳುತ್ತಿದ್ದರು. ನಾನೂ ಅತ್ತೆ. ಮುಂದಿನ ವಾರ ಮಿಶಿಗನ್ ವಾಷಿಂಗ್ಟನ್ ತಂಡವನ್ನು 34–13ರಿಂದ ಸೋಲಿಸಿ ಚಾಂಪಿಯನ್ ಆಯಿತು. ಅಲಬಾಮದ ಕೋಚ್ ನಿಕ್ ಸೇಬನ್ ಜನವರಿ 10ರಂದು ನಿವೃತ್ತಿ ಹೇಳಿದರು. ನಾವು ನೋಡಿದ್ದು ಅವರ ಕೊನೆಯ ಆಟ ಎಂದು ಆ ಹೊತ್ತಿನಲ್ಲಿ ಅಲ್ಲಿದ್ದ 96,371 ಜನರಲ್ಲಿ ಯಾರಿಗೂ ತಿಳಿದಿರಲಿಲ್ಲ.

ಟಿಕೆಟ್ ಕೊಳ್ಳುವಾಗ ಸಾಲಿನ ನಂಬರ್ ನೋಡಿ. ಈ ಸ್ಟೇಡಿಯಂ 1922ರದ್ದು, ಬೋಗುಣಿಯ ಆಕಾರ. ಕೆಳಗಿನ ಸಾಲುಗಳ ಇಳಿಜಾರು ಕಡಿಮೆ. ಮೊದಲ ಹತ್ತು-ಹದಿನೈದು ಸಾಲಿನವರಿಗೆ ಗೆರೆ ಪಕ್ಕ ನಿಂತ ಆಟಗಾರರ ಬೆನ್ನೇ ಕಾಣುವುದು. ಅಷ್ಟು ದುಡ್ಡು ಕೊಟ್ಟು ಅಲ್ಲಿ ಕೂರುವುದು ಸುಮ್ನೆ ದಂಡ. ಇಪ್ಪತ್ತೈದು-ಮೂವತ್ತನೇ ಸಾಲಿನ ಮೇಲಿನ ಸೀಟೇ ಒಳ್ಳೆಯದು, ಅಗ್ಗವೂ ಹೌದು. ಮಧ್ಯಾಹ್ನದ ಆಟ, ಪೂರ್ವದ ಕಡೆ ಕೂತರೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ. ಪಶ್ಚಿಮದಲ್ಲಿ ಕೂತರೆ ಬೇಗ ನೆರಳು, ಬೇಗ ಚಳಿ. ನಾನಾದರೆ ಟೋಪಿ ಹಾಕಿಕೊಂಡು ಪೂರ್ವದಲ್ಲೇ ಕೂರುತ್ತೇನೆ. ಐದು ಗಂಟೆಯ ಹೊತ್ತಿಗೆ ಉತ್ತರದ ಸ್ಯಾನ್ ಗೇಬ್ರಿಯಲ್ ಬೆಟ್ಟಗಳು ಗುಲಾಬಿ ಬಣ್ಣಕ್ಕೆ ತಿರುಗುವುದು ಎಲ್ಲ ಕಡೆಯಿಂದಲೂ ಕಾಣುತ್ತದೆ. ಆಮೇಲೆ ಸ್ವೆಟರ್ ಬೇಕೇ ಬೇಕು, ಕ್ಯಾಲಿಫೋರ್ನಿಯ ಅಂತ ತೆಳು ಅಂಗಿಯಲ್ಲಿ ಹೋಗಬೇಡಿ. ಮಿಶಿಗನ್ ಚಳಿ ಕಂಡ ನಮಗೇ ನಡುಕ ಬಂತು. ಬ್ಯಾಗು ಪಾರದರ್ಶಕವಾಗಿರಬೇಕು. ಹೆಂಗಸರ ಸಾಮಾನ್ಯ ಹ್ಯಾಂಡ್‌ಬ್ಯಾಗನ್ನು ಒಳಗೆ ಬಿಡುವುದಿಲ್ಲ. ಟಿಕೆಟ್ ಫೋನಿನಲ್ಲೇ ಇರುತ್ತದೆ, ಅಲ್ಲಿ ನೆಟ್‌ವರ್ಕ್ ಸಿಗುವುದು ಕಷ್ಟ. ರೂಮಿನಲ್ಲೇ ಅದನ್ನು ಫೋನಿನ ವಾಲೆಟ್‌ಗೆ ಹಾಕಿಕೊಳ್ಳಿ. ಹೊರಗೆ ಬರುವ ಸುರಂಗದ ದಾರಿಗಳು ಇಕ್ಕಟ್ಟು. ಇಕ್ಕಟ್ಟಿಗೆ ಭಯಪಡುವವರು ಆಟ ಮುಗಿದ ಮೇಲೆ ಇಪ್ಪತ್ತು ನಿಮಿಷ ಸೀಟಿನಲ್ಲೇ ಕೂತು ಬ್ಯಾಂಡ್ ಕೇಳಿ.

ನಾವೂ ಕೂತೆವು, ಬೇಕೆಂದೇ ಕೂತೆವು. ಮಿಶಿಗನ್ ಬ್ಯಾಂಡ್ ಬಾರಿಸುತ್ತಿರುವಾಗ ಎದ್ದು ಹೋಗುವುದು ಹೇಗೆ? ಆಮೇಲೆ ಬಸ್ಸಿನ ಜಾಗಕ್ಕೆ ನಡೆದು ಹೋದರೆ ಬಸ್ಸೇ ಇಲ್ಲ. ಅಲಬಾಮ ಕುಟುಂಬದವರು ನಮಗಿಂತ ಮೊದಲೇ ಅಲ್ಲಿಗೆ ಬಂದು ನಿಂತಿದ್ದರು. ಸೋತ ಬೇಜಾರಿನ ಮೇಲೆ ಇದು ಬೇರೆ. ಈ ಸಲ ಹೋಟೆಲಿಗೆ ಫೋನ್ ಸಿಕ್ಕಿತು. ಉತ್ತರ ಕೇಳಿ: ಬಸ್ಸು ಹೊರಡುವ ವೇಳೆ ಆರು ಗಂಟೆ, ಆಟ ಓವರ್‌ಟೈಮ್‌ಗೆ ಹೋದದ್ದಕ್ಕೆ ಹೋಟೆಲ್ ಹೊಣೆಯಲ್ಲವಂತೆ. ಆಟ ನೋಡಲೆಂದೇ ಬಸ್ಸು ಮಾಡಿದವರು ಆಡುವ ಮಾತಾ ಇದು? ಕಾರಿನ ಆ್ಯಪ್ ತೆರೆದರೆ ಬಾಡಿಗೆ ನೋಡಿ ಎದೆ ಹೊಡೆದುಕೊಂಡಿತು. ಆ ಬಾಡಿಗೆಗೂ ಕಾರು ಸಿಗುತ್ತಿರಲಿಲ್ಲ.

ಆಗಲೇ ನಾವು ಜನರ ಹಿಂದೆ ನಡೆಯಲು ಶುರು ಮಾಡಿದ್ದು. ನಿಮಗೂ ನಾನು ಹೇಳುವುದು ಇದನ್ನೇ. ಸ್ಟೇಡಿಯಂ ಇರುವುದು ಅರೋಯೋ ಸೆಕೊ ಎಂಬ ಒಣ ಹಳ್ಳದ ತಗ್ಗಿನಲ್ಲಿ. ಹೋಗುವಾಗ ಇಳಿಜಾರು, ಬರುವಾಗ ಏರು. ಮೆಮೋರಿಯಲ್ ಪಾರ್ಕ್ ಸ್ಟೇಷನ್ನಿಗೆ ಸುಮಾರು ಮೂರು ಕಿಲೋಮೀಟರ್. ದಾರಿ ಕೇಳಬೇಕಾಗಿಲ್ಲ, ಮಿಶಿಗನ್‌ನ ನೀಲಿ-ಹಳದಿ ಅಂಗಿಗಳಂಥ ಸಾಲು ಮುಂದೆ ಹೋಗುತ್ತಲೇ ಇರುತ್ತದೆ. ಮನೆಗಳ ಮುಂದೆ ಕುರ್ಚಿ ಹಾಕಿಕೊಂಡು ಕೂತವರು ಕೈ ಬೀಸುತ್ತಾರೆ. ಪಕ್ಕದ ರಸ್ತೆಯಲ್ಲಿ ಕಾರುಗಳು ನಿಂತೇ ಇದ್ದವು, ನಾವು ಅವನ್ನೆಲ್ಲ ದಾಟಿಕೊಂಡು ಹೋದೆವು. ಸ್ಟೇಷನ್ನಿನಲ್ಲಿ ನೂಕುನುಗ್ಗಲು ಇತ್ತು. ಎರಡು ರೈಲು ಬಿಟ್ಟು ಮೂರನೆಯದನ್ನು ಹತ್ತಿದೆವು. ಅಷ್ಟಾದರೂ ಸ್ಟೇಡಿಯಂ ಪಕ್ಕ ಕಾರು ನಿಲ್ಲಿಸಿದ್ದ ನಮ್ಮ ನೊವಾಯ್ ಸ್ನೇಹಿತರಿಗಿಂತ ಮೊದಲು ರೂಮು ಸೇರಿದೆವು. ನಡೆಯಲು ಆಗದ ಹಿರಿಯರು ಜೊತೆಗಿದ್ದರೆ ಹಳೆ ಪ್ಯಾಸಡೀನಾದಿಂದ ಸ್ಟೇಡಿಯಂಗೆ ಶಟಲ್ ಬಸ್ಸು ಬಿಡುತ್ತಾರೆ, ಅದು ಬೇರೆ. ಅದರ ಸಾಲು ಉದ್ದ, ಆದರೆ ಬಿಟ್ಟು ಹೋಗುವುದಿಲ್ಲ. ರೈಲಿನ ಟಿಕೆಟ್ಟಿಗೆ ಬೇಕಾದ ಟ್ಯಾಪ್ ಕಾರ್ಡನ್ನು ಹಿಂದಿನ ದಿನವೇ ಕೊಂಡು ದುಡ್ಡು ತುಂಬಿಸಿಡಿ. ಆಟದ ದಿನ ಮಷೀನಿನ ಮುಂದೆ ಜನ. ವಿಮಾನ ನಿಲ್ದಾಣದಿಂದ ಬರುವವರಿಗೂ ಕಾರು ಬೇಡ. ಫ್ಲೈಅವೇ ಬಸ್ಸು ಯೂನಿಯನ್ ಸ್ಟೇಷನ್ನಿಗೆ ಬಿಡುತ್ತದೆ, ಅಲ್ಲಿಂದ ಅದೇ ಎ ಲೈನ್.

ಇನ್ನು ಊಟ. ಆ ಊರಿನಲ್ಲಿ ನಮಗೆ ಸಿಕ್ಕ ದೊಡ್ಡ ಭಾಗ್ಯ ಅದು. ಹೋಟೆಲಿನ ಹಿಂದಿನ ಬೀದಿಯಲ್ಲಿ, ಬಟ್ಟೆ ಒಗೆಯುವ ಅಂಗಡಿಯ ಪಕ್ಕ ಒಂದು ಮೆಕ್ಸಿಕನ್ ಖಾನಾವಳಿ. ಆರು ಮೇಜು, ಗಂಡ-ಹೆಂಡತಿ-ಮಗ ಮೂವರೇ ಕೆಲಸಕ್ಕೆ. ಆ ಹೆಂಗಸು ಮೆಕ್ಕೆಜೋಳದ ಹಿಟ್ಟು ಉಂಡೆ ಮಾಡಿ, ಒತ್ತಿ, ಕಾದ ಹೆಂಚಿನ ಮೇಲೆ ಹಾಕುವುದನ್ನು ನೋಡುತ್ತಾ ನಿಂತುಬಿಟ್ಟೆ. ನಮ್ಮ ಅವ್ವ ರೊಟ್ಟಿ ಮಾಡುವಾಗಿನ ಕೈಯ ಓಟವೇ ಅದು. ಸಸ್ಯಾಹಾರಿಗಳು ಅಲ್ಲಿ ಎರಡು ಪ್ರಶ್ನೆ ಕೇಳಬೇಕು. ಬೀನ್ಸ್ ಬೇಯಿಸಲು ಹಂದಿ ಕೊಬ್ಬು ಹಾಕುತ್ತೀರಾ? ಅನ್ನಕ್ಕೆ ಕೋಳಿ ಸಾರು ಹಾಕುತ್ತೀರಾ? ಎಷ್ಟೋ ಕಡೆ ಎರಡನ್ನೂ ಹಾಕುತ್ತಾರೆ, ಕೇಳದೆ ಹೇಳುವುದಿಲ್ಲ. "ಸಿನ್ ಮಾಂತೇಕಾ" ಎಂದರೆ ಕೊಬ್ಬು ಇಲ್ಲದೆ ಎಂದು ಅವರಿಗೆ ಅರ್ಥವಾಗುತ್ತದೆ. ಈಕೆ ಅನ್ನ ಬೇಡ ಅಂದರು, ಅದರಲ್ಲಿ ಕೋಳಿ ಸಾರಿದೆ ಎಂದು ತಾವೇ ಹೇಳಿದರು. ಬೀನ್ಸ್ ಮಾತ್ರ ಎಣ್ಣೆಯಲ್ಲಿ ಮಾಡಿದ್ದು ಎಂದು ಡಬ್ಬಿ ತೋರಿಸಿದರು. ಅಲ್ಲಿಂದ ನಮಗೆ ನಂಬಿಕೆ ಬಂತು.

ಮೊದಲು ತಿಂದದ್ದು ನೊಪಾಲೆಸ್ ಟ್ಯಾಕೊ. ಅದು ಪಾಪಾಸುಕಳ್ಳಿ. ಮುಳ್ಳು ತೆಗೆದು, ಹೆಚ್ಚಿ, ಈರುಳ್ಳಿ ಟೊಮೇಟೊ ಹಸಿಮೆಣಸು ಹಾಕಿ ಬಾಡಿಸುತ್ತಾರೆ. ಹುಳಿ ಹುಳಿ, ಬೆಂಡೆಕಾಯಿಯಷ್ಟೇ ಲೋಳೆ. ಬೇಲಿಯಲ್ಲಿ ಬೆಳೆಯುವ ಈ ಕಳ್ಳಿಯನ್ನು ನಾವು ಯಾಕೆ ತಿನ್ನುವುದಿಲ್ಲ ಅನ್ನಿಸಿತು. ಸುಟ್ಟ ಮೆಣಸಿನಕಾಯಿಯ ಹಸಿರು ಸಾಲ್ಸ ನಮ್ಮ ಬಾಯಿಗೆ ಸರಿಯಾದ ಖಾರ. ಜೊತೆಗೆ ಮೂಲಂಗಿ, ನಿಂಬೆ ಎಷ್ಟು ಬೇಕಾದರೂ. ಕುಡಿಯಲು ಹಮಾಯ್ಕ ಎಂಬ ಕೆಂಪು ಶರಬತ್ತು. ನಮ್ಮ ಉತ್ತರ ಕರ್ನಾಟಕದ ಕಡೆ ಪುಂಡಿ ಪಲ್ಯ ಮಾಡುತ್ತಾರಲ್ಲ, ಅದೇ ಜಾತಿಯ ಗಿಡ. ನಾವು ಸೊಪ್ಪು ತಿನ್ನುತ್ತೇವೆ, ಅವರು ಹೂವಿನ ಬುಡದ ಕೆಂಪು ಎಸಳನ್ನು ಒಣಗಿಸಿ ನೀರಿನಲ್ಲಿ ಕುದಿಸಿ ಸಕ್ಕರೆ ಹಾಕುತ್ತಾರೆ. ಇದನ್ನು ಹೇಳಿದಾಗ ಆಕೆ ಒಳಗೆ ಹೋಗಿ ಒಣಗಿದ ಹೂವಿನ ಒಂದು ಹಿಡಿ ತಂದು ಪೊಟ್ಟಣ ಕಟ್ಟಿಕೊಟ್ಟರು. ಇಬ್ಬರಿಗೂ ಹೊಟ್ಟೆ ತುಂಬ ತಿಂದು ಬಿಲ್ಲು ಇಪ್ಪತ್ತು ಡಾಲರ್ ದಾಟಲಿಲ್ಲ. ಸ್ಟೇಡಿಯಂ ಒಳಗೆ ಅಷ್ಟಕ್ಕೆ ಒಬ್ಬರ ಹೊಟ್ಟೆಯೂ ತುಂಬದು. ಆಟ ಮುಗಿದ ರಾತ್ರಿ ಬೇರೆ ಅಂಗಡಿಗಳೆಲ್ಲ ಮುಚ್ಚಿದ್ದಾಗಲೂ ಇವರ ದೀಪ ಉರಿಯುತ್ತಿತ್ತು. ಗಂಟಲು ಕಟ್ಟಿದ್ದ ನಮ್ಮನೆಯವರನ್ನು ನೋಡಿ ಗಂಡ ಚಕ್ಕೆ ಹಾಕಿದ ಬಿಸಿ ಕಾಫಿ ತಂದಿಟ್ಟರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ನೀವು ಎಲ್ಲೇ ಉಳಿದರೂ ಆ ಕಣಿವೆಯ ಊರುಗಳಲ್ಲಿ ಇಂಥ ಸಣ್ಣ ಖಾನಾವಳಿ ಒಂದಾದರೂ ಹತ್ತಿರದಲ್ಲಿ ಇರುತ್ತದೆ. ಹಳೆ ಪ್ಯಾಸಡೀನಾದ ದೊಡ್ಡ ಹೋಟೆಲುಗಳಲ್ಲಿ ಆ ದಿನ ಮೇಜಿಗೆ ಗಂಟೆಗಟ್ಟಲೆ ಕಾಯಬೇಡಿ.

ಬಸ್ಸಿನ ದುಡ್ಡಿನ ಕಥೆ ಹೀಗೆ ಮುಗಿಯಿತು. ಹೊರಡುವ ದಿನ ಕೌಂಟರಿನಲ್ಲಿ ಕೇಳಿದರೆ ವಾಪಸು ಇಲ್ಲ ಅಂದರು. ನಾವು ಕೊಟ್ಟದ್ದು ಕ್ರೆಡಿಟ್ ಕಾರ್ಡಿನಲ್ಲಿ. ಕೂಪನ್ನಿನ ಎರಡೂ ಬದಿಯ ಫೋಟೊ, ಫೋನ್ ಮಾಡಿದ ವೇಳೆ, ಖಾಲಿ ನಿಲ್ದಾಣದ ಫೋಟೊ ಎಲ್ಲವನ್ನೂ ಮಗಳು ಸೇರಿಸಿ ಕಾರ್ಡಿನ ಕಂಪನಿಗೆ ದೂರು ಕೊಟ್ಟಳು. ಬರುವಾಗಿನ ಪ್ರಯಾಣದ ಪಾಲು ಎಂದು ಅರ್ಧ ದುಡ್ಡು ವಾಪಸು ಬಂತು. ಅಲಬಾಮ ಕುಟುಂಬದವರು ನಗದು ಕೊಟ್ಟಿದ್ದರು, ಅವರಿಗೆ ಏನೂ ಸಿಗಲಿಲ್ಲ. ಅಂಥ ಕೂಪನ್ ಕೊಳ್ಳಲೇಬೇಕಾದ ಸ್ಥಿತಿ ಬಂದರೆ ಕಾರ್ಡಿನಲ್ಲೇ ಕೊಡಿ. ಬರುವ ವೇಳೆಯನ್ನು "ಆಟ ಮುಗಿದು ಒಂದೂವರೆ ಗಂಟೆ ಆದ ಮೇಲೆ" ಎಂದು ಅವರ ಕೈಯಲ್ಲೇ ಬರೆಸಿಕೊಳ್ಳಿ.